ಬಿದಿರಿನ ಮಾತು ಆಡಿದ ಅಜ್ಜ

ಪ್ರೀತಿಯ ತಂಗಿ,

ಡಿಸೆಂಬರ್ 7ರ ಧ್ವಜ ದಿನಕ್ಕೆ ನೀನು ಬರೆದ ಭಾಷಣ ಓದಿದೆ. ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದ ಬೆಟದೂರಿನ ಹನುಮಂತಪ್ಪ ಕೊಪ್ಪದ ಅದರಲ್ಲಿದ್ದಾರೆ. ಹಳಿಯಾಳದ ಕಡೆಯಿಂದ ಮರಾಠಾ ರೆಜಿಮೆಂಟಿಗೆ ಹೋದವರೂ ಇದ್ದಾರೆ. ನಮ್ಮ ಮುಂಡಗೋಡದಿಂದ ಸೈಕಲ್ ತುಳಿದು ಹೋಗಿಬರಬಹುದಾದ ಟಿಬೇಟಿಯನ್ ಕ್ಯಾಂಪಿನ ಮುದುಕರು ಮಾತ್ರ ಇಲ್ಲ.

ನಿನ್ನನ್ನೇನು ಬೈಯಲಿ! 1966ರಿಂದ ಇಲ್ಲಿರುವ ಅವರನ್ನು ಮೆಕ್ಕೆಜೋಳ ಬೆಳೆಯುವವರು, ಚಳಿಗಾಲಕ್ಕೆ ಸ್ವೆಟರ್ ಮಾರಲು ಊರೂರು ಹೋಗುವವರು ಎಂದಷ್ಟೇ ನಾನೂ ತಿಳಿದಿದ್ದೆ.

1962ರ ನವೆಂಬರ್ 14ರಂದು, ಚೀನಾ ಯುದ್ಧ ನಡೆಯುತ್ತಿರುವಾಗಲೇ, ಟಿಬೇಟಿಯನ್ನರದೇ ಒಂದು ಗುಟ್ಟಿನ ಪಡೆ ಹುಟ್ಟಿತು. ನಮ್ಮ ಕ್ಯಾಂಪಿನ ಮುದುಕರಲ್ಲಿ ಕೆಲವರು ಅದರಲ್ಲಿದ್ದವರು. ಕಾಗದದಲ್ಲಿ ಸ್ಪೆಷಲ್ ಫ್ರಂಟಿಯರ್ ಫೋರ್ಸ್, ಅವರ ಬಾಯಲ್ಲಿ 'ಟೂ ಟೂ'. ಚೀನಾದ ಎದುರು ನಿಲ್ಲಲು ಸೇರಿದವರನ್ನು 1971ರಲ್ಲಿ ಕಳಿಸಿದ್ದು ಪಾಕಿಸ್ತಾನದ ವಿರುದ್ಧ, ಚಿತ್ತಗಾಂಗ್ ಗುಡ್ಡಗಳಿಗೆ. 56 ಮಂದಿ ಮರಳಲಿಲ್ಲ. ಇಲ್ಲವೇ ಇಲ್ಲ ಎನ್ನಬೇಕಾದ ಪಡೆಗೆ ಪದಕ ಕೊಡುವುದು ಹೇಗೆ? 2020ರಲ್ಲಿ ಲಡಾಖಿನಲ್ಲಿ ನೆಲಬಾಂಬಿಗೆ ಬಲಿಯಾದ ಇದೇ ಪಡೆಯ ನೈಮಾ ತೆನ್ಜಿನ್ ಅವರ ಶವಪೆಟ್ಟಿಗೆಯ ಮೇಲೆ ಭಾರತದ್ದೂ ಟಿಬೇಟಿನದ್ದೂ ಬಾವುಟ ಹೊದಿಸಿದಾಗಲೇ ದೇಶ ಇತ್ತ ತಿರುಗಿ ನೋಡಿದ್ದು.

ಆಮೇಲೆ ನಾನೂ ಆ ಪಡೆಯಲ್ಲಿದ್ದ ಒಬ್ಬ ಅಜ್ಜನ ಮನೆಗೆ ಹೋದೆ. ಮೇಷ್ಟರ ಚಾಳಿ, ಕೂತ ಕೂಡಲೇ "ಯುದ್ಧ ಹೆಂಗಿತ್ತು?" ಎಂದು ಕೇಳಿಬಿಟ್ಟೆ. ಅವರು ಮಣಿ ಎಣಿಸುವ ಬೆರಳು ನಿಲ್ಲಿಸಿದರು. "ಬರೀ ಬಿದಿರು. ದಾಂಡೇಲಿ ಹಂಗೆ," ಎಂದರು. ಅಷ್ಟೇ. ಮತ್ತೆ ಮಣಿ ಸರಿಯತೊಡಗಿತು. ಸ್ವಲ್ಪ ಹೊತ್ತಿನ ಮೇಲೆ ಟ್ರಂಕಿನಿಂದ ನೋಂದಣಿಯ ಆರ್‌ಸಿ ಪುಸ್ತಕ ತೆಗೆದರು. ಈ ದೇಶಕ್ಕಾಗಿ ಬಂದೂಕು ಹಿಡಿದವರು ಈ ದೇಶದಲ್ಲಿರಲು ಆಗಾಗ ನವೀಕರಿಸಬೇಕಾದ ಪುಸ್ತಕ ಅದು. ಅರ್ಜಿ ತುಂಬಿಕೊಡಿ ಎಂದರು. ತುಂಬಿದೆ. ನನ್ನ ಕೈ ಸ್ವಲ್ಪ ನಡುಗಿತು ಅನ್ನು.

ನೀನೂ ಹೋಗು. ಮೊಬೈಲು ಎತ್ತಿ ವಿಡಿಯೋ ಮಾಡಬೇಡ, ಕಥೆ ಕೇಳಬೇಡ. ನಲವತ್ತು ಐವತ್ತು ವರ್ಷ ಬಿಗಿದುಕೊಂಡ ಬಾಯಿಯನ್ನು ನಮ್ಮ ಭಾಷಣಕ್ಕಾಗಿ ಬಿಡಿಸುವುದು ಬೇಡ. ಗುಳಿಗೆ ಚೀಟಿ ಓದಿ ಹೇಳು, ಅರ್ಜಿ ಇದ್ದರೆ ತುಂಬಿಕೊಡು, ಸುಮ್ಮನೆ ಕೂತು ಬಾ.

ಉಪ್ಪು, ಬೆಣ್ಣೆ ಹಾಕಿದ ಚಹಾ ಕೊಡುತ್ತಾರೆ, ಮುಖ ಕಿವುಚಬೇಡ. ಒಂದು ಗುಟುಕು ಕುಡಿದರೆ ಬಟ್ಟಲು ಮತ್ತೆ ತುಂಬುತ್ತದೆ. ಹೊರಡುವ ಹೊತ್ತಿಗೆ ಒಮ್ಮೆಲೇ ಮುಗಿಸು.

ನಿನ್ನ ಹಳೆಯ ಮಾಸ್ತರ