ಹಳೆಯ ಫೋನಿಗೆ ಹೊಸ ಕಾರ್ಯವ್ಯವಸ್ಥೆ: ಕೈಹಾಕುವ ಮುನ್ನ ತಿಳಿಯತಕ್ಕ ವಿಷಯಗಳು

ಕರ್ನಾಟಕದಲ್ಲಿ 2020ರ ಮುಂಗಾರಿನಿಂದ ರೈತನು ತನ್ನ ಹೊಲದ ಬೆಳೆಯನ್ನು ತಾನೇ ಫೋನಿನ ಮೂಲಕ ದಾಖಲುಮಾಡುವ ಏರ್ಪಾಡು ಬಂದಿತು. ಬ್ಯಾಂಕಿನ ಲೇವಾದೇವಿಯೂ ಅನೇಕರಿಗೆ ಅದೇ ಫೋನಿನಲ್ಲಿ ನಡೆಯುವುದು. ಇಷ್ಟು ಹೊರೆಯನ್ನು ಹೊತ್ತ ಯಂತ್ರಕ್ಕೆ ತಯಾರಕರು ಕೆಲವು ವರ್ಷಗಳಾದ ಮೇಲೆ ಭದ್ರತೆಯ ತಿದ್ದುಪಡಿಗಳನ್ನು ಕಳುಹಿಸುವುದನ್ನು ನಿಲ್ಲಿಸಿಬಿಡುವರು. ಯಂತ್ರವು ಗಟ್ಟಿಯಾಗಿಯೇ ಇದ್ದರೂ ಒಳಗಿನ ಕಾರ್ಯವ್ಯವಸ್ಥೆಯು ಹಳತಾಗಿ, ಬೇಲಿ ಬಿದ್ದ ತೋಟದಂತಾಗುವುದು.

ಇದಕ್ಕೊಂದು ಉಪಾಯವುಂಟು. 2008ರಲ್ಲಿ ಫೋನುಗಳಲ್ಲಿ ಬಳಕೆಗೆ ಬಂದ ಆಂಡ್ರಾಯ್ಡ್ ವ್ಯವಸ್ಥೆಯ ಮೂಲಬರಹವನ್ನು ಗೂಗಲ್ ಕಂಪೆನಿಯವರು ಸರ್ವರಿಗೂ ತೆರೆದಿಟ್ಟಿರುವರು. ಅದನ್ನು ತಿದ್ದಿ ಬೇರೆ ಬೇರೆ ಫೋನುಗಳಿಗೆ ಹೊಂದಿಸುವ ಕಾರ್ಯವನ್ನು ಅಮೆರಿಕದ ಸ್ಟೀವ್ ಕಾಂಡಿಕ್ ಎಂಬವರು 2009ರಲ್ಲಿ ಸೈಯನೋಜೆನ್‌ಮಾಡ್ ಎಂಬ ಹೆಸರಿನಿಂದ ಆರಂಭಿಸಿದರು. 2016ರ ಕೊನೆಯಲ್ಲಿ ಅದು ನಿಂತುಹೋಗಲು, ಸ್ವಯಂಸೇವಕರು ಲೀನಿಯೇಜ್ ಓಎಸ್ ಎಂಬುದನ್ನು ಕಟ್ಟಿ ಮುಂದುವರಿಸಿದರು. ತಯಾರಕರು ಕೈಬಿಟ್ಟ ಅನೇಕ ಫೋನುಗಳಿಗೆ ಇದು ಕ್ರಯವಿಲ್ಲದೆ ದೊರೆಯುವುದು.

ಆದರೆ ಎಲ್ಲ ಫೋನಿಗೂ ಒಂದೇ ಪಾಠವು ಸಲ್ಲದು. ಮಾವಿನ ಕಡ್ಡಿಯನ್ನು ಹುಣಿಸೆಯ ಬುಡಕ್ಕೆ ಕಸಿಕಟ್ಟಿದರೆ ಹತ್ತುವುದೆ? ಮಾರುಕಟ್ಟೆಯಲ್ಲಿ ಒಂದೇ ಹೆಸರಿನಿಂದ ಮಾರಾಟವಾದ ಎರಡು ಫೋನುಗಳು ಒಳಗೆ ಭಿನ್ನವಾಗಿರಬಹುದು. ಆದುದರಿಂದ ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬದೆ, ಸೆಟ್ಟಿಂಗ್ಸ್‌ನಲ್ಲಿ ಕಾಣುವ ಮಾದರಿಯ ಸಂಖ್ಯೆಯನ್ನು ಲೀನಿಯೇಜ್‌ನವರ ಪಟ್ಟಿಯೊಡನೆ ಅಕ್ಷರಶಃ ತಾಳೆನೋಡತಕ್ಕದ್ದು. ಪಟ್ಟಿಯಲ್ಲಿ ಇಲ್ಲದ ಫೋನಿನ ಆಸೆಯನ್ನು ಬಿಡುವುದೇ ಲೇಸು.

ಫೋನಿಗೆ ಜೀವ ಬಂದೊಡನೆ ಮೊದಲು ಏಳುವ ಬೂಟ್‌ಲೋಡರ್ ಎಂಬುದು ಬಾಗಿಲ ಕಾವಲುಗಾರನಂತೆ; ತಯಾರಕರ ಮುದ್ರೆಯಿಲ್ಲದ ವ್ಯವಸ್ಥೆಯನ್ನು ಅದು ಒಳಬಿಡದು. ಈ ಬೀಗವನ್ನು ತೆಗೆಯಲು ಕೆಲವು ತಯಾರಕರು ಒಪ್ಪುವುದೇ ಇಲ್ಲ, ಕೆಲವರು ದಿನಗಟ್ಟಲೆ ಕಾಯಿಸುವರು. ಒಪ್ಪುವಲ್ಲಿ ‘ಬಿಲ್ಡ್ ನಂಬರ್’ ಎಂಬುದನ್ನು ಏಳು ಸಲ ಒತ್ತಲು ಡೆವಲಪರ್ ಆಯ್ಕೆಗಳು ತೆರೆಯುವುವು. ಅಲ್ಲಿ ಓಇಎಂ ಅನ್‌ಲಾಕಿಂಗ್‌ಗೆ ಅನುಮತಿ ಕೊಟ್ಟು, ಮುಂದಿನದನ್ನು ಕಂಪ್ಯೂಟರಿನಿಂದ ಕೇಬಲ್ ಮೂಲಕ ನಡೆಸಬೇಕು. ಬೀಗ ತೆಗೆದ ಕ್ಷಣವೇ ಫೋನಿನಲ್ಲಿರುವ ಸಮಸ್ತವೂ ಅಳಿಸಿಹೋಗುವುದು. ಪಹಣಿಯ ಪ್ರತಿ, ಮಕ್ಕಳ ಭಾವಚಿತ್ರ, ಸಾಲದ ರಸೀದಿ ಯಾವುದೂ ಉಳಿಯದು. ಮೊದಲೇ ಬೇರೆಡೆಗೆ ನಕಲು ತೆಗೆದಿಡದವನು ಆಮೇಲೆ ಮಾಡತಕ್ಕದ್ದೇನೂ ಇಲ್ಲ.

ಅನಂತರ ರಿಕವರಿ ಎಂಬ ಚಿಕ್ಕ ವ್ಯವಸ್ಥೆಯನ್ನು ಸ್ಥಾಪಿಸಿ, ಅದರ ಮೂಲಕ ಮುಖ್ಯ ವ್ಯವಸ್ಥೆಯನ್ನು ಕಳುಹಿಸುವರು. ಕಂಪ್ಯೂಟರಿನ ಲೆಕ್ಕವು ಪ್ರತಿಶತ 47ಕ್ಕೆ ಬಂದು ನಿಂತುಬಿಡುವುದುಂಟು. ಕೆಲಸವು ಸರಿಯಾಗಿ ಮುಗಿದಿದ್ದರೂ ಹೀಗಾಗಬಹುದು. ಗಾಬರಿಯಿಂದ ಕೇಬಲನ್ನು ಕೀಳದೆ ಫೋನಿನ ತೆರೆಯನ್ನು ನೋಡತಕ್ಕದ್ದು. ಪ್ಲೇ ಸ್ಟೋರ್ ಮುಂತಾದ ಗೂಗಲ್ ಸಾಮಗ್ರಿಗಳು ಲೀನಿಯೇಜ್‌ನಲ್ಲಿ ಇರುವುದಿಲ್ಲ. ಬೇಕಾದವರು ಫೋನನ್ನು ಮೊದಲ ಸಲ ಚಾಲೂ ಮಾಡುವುದಕ್ಕೆ ಮುಂಚೆಯೇ ಅವನ್ನು ಸೇರಿಸಬೇಕು. ಕೆಲಸ ಮುಗಿಯಿತೆಂದು ಬೂಟ್‌ಲೋಡರಿಗೆ ಮತ್ತೆ ಬೀಗ ಹಾಕಹೋಗಬಾರದು. ಹಾಗೆ ಮಾಡಿದರೆ ಅನೇಕ ಫೋನುಗಳು ಏಳಲಾರವು.

ಜಮೀನುದಾರರು ವಿಶೇಷವಾಗಿ ಆಲೋಚಿಸತಕ್ಕ ವಿಷಯವು ಮತ್ತೊಂದು. ಫೋನು ತಯಾರಕರು ಮಾಡಿದಂತೆಯೇ ಇದೆಯೇ ಎಂಬುದನ್ನು ಅನೇಕ ಬ್ಯಾಂಕಿನ ಹಾಗೂ ಯುಪಿಐ ಆ್ಯಪ್‌ಗಳು ಪರೀಕ್ಷಿಸುವುವು. ಬೀಗ ತೆಗೆದ ಫೋನಿನಲ್ಲಿ ಅವು ಕೆಲಸಮಾಡಲು ನಿರಾಕರಿಸಬಹುದು. ವ್ಯವಸ್ಥೆಯ ಮೇಲೆ ಸರ್ವಾಧಿಕಾರವನ್ನು ಕೊಡುವ ‘ರೂಟ್’ ಎಂಬುದನ್ನು ಮಾಡಿಸಿಕೊಂಡಲ್ಲಿ ತೊಡಕು ಇನ್ನೂ ಹೆಚ್ಚು. ಅಂಗಡಿಯವನು ಉಚಿತವಾಗಿ ಮಾಡಿಕೊಡುವೆನೆಂದರೂ ಒಪ್ಪತಕ್ಕದ್ದಲ್ಲ. ಬೀಗ ತೆಗೆದ ಫೋನು ಕಳವಾದಲ್ಲಿ ಕಳ್ಳನ ಕೆಲಸವೂ ಹಗುರವಾಗುವುದು. ಆದಕಾರಣ ಹಣದ ವ್ಯವಹಾರವಿರುವ ಫೋನನ್ನು ಮುಟ್ಟದೆ, ಮೂಲೆಗೆ ಬಿದ್ದಿರುವ ಹಳೆಯದನ್ನು ಮಾತ್ರ ಈ ಕಾರ್ಯಕ್ಕೆ ತೆಗೆದುಕೊಳ್ಳುವುದು ಉಚಿತ. ಹವಾಮಾನದ ವರ್ತಮಾನ ನೋಡಲು, ಮಕ್ಕಳ ಓದಿಗೆ ಅದು ಧಾರಾಳವಾಗಿ ಸಾಕು.

ಮೂಲಬರಹದಿಂದಲೇ ವ್ಯವಸ್ಥೆಯನ್ನು ಕಟ್ಟಬೇಕೆಂಬ ಉತ್ಸಾಹಿಗಳು ಗ್ರಾಮದಲ್ಲಿದ್ದಲ್ಲಿ ಖರ್ಚನ್ನು ಮೊದಲು ಅಂದಾಜುಮಾಡಲಿ. ಗೂಗಲ್‌ನವರ ಲೆಕ್ಕದಂತೆ ಅದಕ್ಕೆ 400 ಗಿಗಾಬೈಟ್ ಖಾಲಿ ಸ್ಥಳವೂ 64 ಗಿಗಾಬೈಟ್ ರ‍್ಯಾಮ್ ಉಳ್ಳ ಕಂಪ್ಯೂಟರೂ ಬೇಕು. ಬೆಲೆಧಾರಣೆಯನ್ನೋ ನೀರಿನ ಸರದಿಯನ್ನೋ ತೋರಿಸುವ ಚಿಕ್ಕ ಆ್ಯಪನ್ನು ಬರೆಯಲು ಇಷ್ಟು ಬೇಡ. ಸಾಧಾರಣ ಕಂಪ್ಯೂಟರಿನಲ್ಲಿ ಬರೆದು ಕೇಬಲ್ ಮೂಲಕ ಫೋನಿಗೆ ಹಾಕಿ ನೋಡಬಹುದು, ಅದಕ್ಕೆ ಬೂಟ್‌ಲೋಡರಿನ ಬೀಗವನ್ನು ತೆಗೆಯುವ ಅಗತ್ಯವಿಲ್ಲ.