ಅಂತ್ಯದಿನಗಳ ಪ್ರವಾದನೆಗಳನ್ನು ಓದತಕ್ಕ ಕ್ರಮ



ಕರ್ತನಾದ ಯೇಸು ತಿರಿಗಿ ಬರುವನೆಂಬದು ನಮ್ಮ ನಂಬಿಕೆಯ ಮುಖ್ಯ ಅಂಶಗಳಲ್ಲಿ ಒಂದಾಗಿದೆ. ಆದರೆ ಯುದ್ಧವೋ ಬರಗಾಲವೋ ಜಾಡ್ಯವೋ ಉಂಟಾದಾಗಲೆಲ್ಲಾ, ಇಂಥ ವರುಷದಲ್ಲಿ ಲೋಕವು ಮುಗಿಯುವದೆಂದು ಹೇಳುವವರು ಏಳುತ್ತಾರೆ. ಅವರ ಕೈಯಲ್ಲಿಯೂ ಸತ್ಯವೇದವಿರುತ್ತದೆ. ಅವರು ತೋರಿಸುವ ವಚನಗಳೂ ಅದರಲ್ಲಿ ಇರುತ್ತವೆ. ಇದನ್ನು ಕೇಳಿದ ಬಡ ರೈತನು, ಬೀಜವನ್ನು ಬಿತ್ತುವದೋ ಬೇಡವೋ, ಮಗುವನ್ನು ಶಾಲೆಗೆ ಕಳುಹಿಸುವದೋ ಬೇಡವೋ ಎಂದು ತಳಮಳಗೊಂಡರೆ ಆಶ್ಚರ್ಯವೇನು? ಆದದರಿಂದ ಪ್ರವಾದನೆಗಳನ್ನು ಓದುವಾಗ ನೆನಪಿನಲ್ಲಿಡತಕ್ಕ ಮೂರು ಸಂಗತಿಗಳನ್ನು ಈ ಪಾಠದಲ್ಲಿ ವಿಚಾರಿಸೋಣ.

ಮೊದಲನೆಯದಾಗಿ, ಆ ಮಾತು ಮೊದಲು ಯಾರಿಗೆ ಹೇಳಲ್ಪಟ್ಟಿತೆಂದು ಕೇಳಬೇಕು. ಒಬ್ಬನಿಗೆ ಬರೆದ ಕಾಗದವನ್ನು ಮತ್ತೊಬ್ಬನು ಮೇಲ್ವಿಳಾಸ ನೋಡದೆ ಓದಿದರೆ, ಪರರ ಮನೆಯ ಸುದ್ದಿಯನ್ನು ತನ್ನ ಮನೆಯದೆಂದು ತಿಳಿದು ಗಾಬರಿಪಡುವನು. ಮಾರ್ಕನ ಸುವಾರ್ತೆಯ 13ನೆಯ ಅಧ್ಯಾಯವನ್ನು ನೋಡಿರಿ. ಶಿಷ್ಯರು ಯೆರೂಸಲೇಮಿನ ದೇವಾಲಯದ ದೊಡ್ಡ ಕಲ್ಲುಗಳನ್ನು ಕಂಡು ಬೆರಗಾದಾಗ, ಅದೆಲ್ಲಾ ಕೆಡವಲ್ಪಡುವದೆಂದು ಸ್ವಾಮಿಯು ತಿಳಿಸಿದನು. ಕ್ರಿಸ್ತಶಕ 70ರಲ್ಲಿ ತೀತನ ಕೈಕೆಳಗಿನ ರೋಮ್ ಸೈನ್ಯವು ಆ ಪಟ್ಟಣವನ್ನು ಹಿಡಿದು ದೇವಾಲಯವನ್ನು ನಾಶಮಾಡಿತು. ಯೂದಾಯದವರು ಬೆಟ್ಟಗಳಿಗೆ ಓಡಿಹೋಗಬೇಕೆಂಬ ಬುದ್ಧಿಮಾತು ಆ ಸಂಕಟಕ್ಕೆ ಸಂಬಂಧಪಟ್ಟದ್ದು. ಅದೇ ಅಧ್ಯಾಯದಲ್ಲಿ ಮನುಷ್ಯಕುಮಾರನ ಬರೋಣದ ಮಾತೂ ಇದೆ. ಒಂದು ನೆರವೇರಿತು, ಮತ್ತೊಂದನ್ನು ನಾವು ಎದುರುನೋಡುತ್ತೇವೆ. ಇವೆರಡನ್ನೂ ಬೆರಸಿಬಿಡಬಾರದು.

ಎರಡನೆಯದಾಗಿ, ಗುರುತನ್ನು ಗುರುತೆಂದೇ ಓದಬೇಕು. ದಾನಿಯೇಲನು ಸಮುದ್ರದಿಂದ ಏರಿಬಂದ ನಾಲ್ಕು ಮೃಗಗಳನ್ನು ಕಂಡನು. ಅವು ನಾಲ್ಕು ಅರಸರೆಂದು ಅದೇ 7ನೆಯ ಅಧ್ಯಾಯವು ಅರ್ಥ ಹೇಳುತ್ತದೆ. ಪ್ರಕಟನೆಯ ಪುಸ್ತಕವು ಆಸ್ಯ ಸೀಮೆಯಲ್ಲಿದ್ದ ಏಳು ಸಭೆಗಳಿಗೆ ಬರೆಯಲ್ಪಟ್ಟಿತು. ರೋಮ್ ರಾಜ್ಯದ ಕೆಳಗೆ ಬಾಧೆಪಡುತ್ತಿದ್ದ ಆ ಸಭೆಗಳವರಿಗೆ, ಮೃಗದ ಬಲವು ಎಷ್ಟು ದೊಡ್ಡದಾದರೂ ಕೊಯ್ಯಲ್ಪಟ್ಟ ಕುರಿಮರಿಯಾದಾತನೇ ಗೆಲ್ಲುವನೆಂಬ ಧೈರ್ಯವನ್ನು ಅದು ಕೊಟ್ಟಿತು. ಅದರ ಸಂಖ್ಯೆಗಳನ್ನು ಸಾಹುಕಾರನ ಲೆಕ್ಕದ ಪುಸ್ತಕದಂತೆ ಕೂಡಿಸಿ ಕಳೆಯುವವನು ಆ ಧೈರ್ಯವನ್ನು ಬಿಟ್ಟು ಅಂಕೆಗಳನ್ನು ಮಾತ್ರ ಹಿಡಿದುಕೊಳ್ಳುತ್ತಾನೆ.

ಮೂರನೆಯದಾಗಿ, ಸ್ವಾಮಿಯು ತಾನೇ ಹಾಕಿದ ಮೇರೆಯನ್ನು ದಾಟಬಾರದು. ಆ ದಿನವೂ ಗಳಿಗೆಯೂ ತಂದೆಗೆ ಹೊರತು ಯಾರಿಗೂ, ದೂತರಿಗೂ ಮಗನಿಗೂ, ತಿಳಿಯದೆಂದು ಆತನು ಅದೇ 13ನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಹೀಗಿದ್ದರೂ ಭಕ್ತರೂ ಪಂಡಿತರೂ ಈ ಮೇರೆಯನ್ನು ದಾಟಿದ್ದುಂಟು.

ಜರ್ಮನಿ ದೇಶದ ವ್ಯುರ್ಟೆಂಬರ್ಗ್ ಸೀಮೆಯ ಬೆಂಗೆಲ್ (1687–1752) ಗ್ರೀಕ್ ಹೊಸ ಒಡಂಬಡಿಕೆಯ ಪ್ರತಿಗಳನ್ನು ಹೋಲಿಸಿ ನೋಡುವದರಲ್ಲಿ ಬಹು ಪ್ರವೀಣನಾಗಿದ್ದನು. ಅವನು ಪ್ರಕಟನೆಯ ಸಂಖ್ಯೆಗಳಿಂದ ಲೆಕ್ಕಹಾಕಿ, 1836ರಲ್ಲಿ ಮೃಗವು ನಾಶವಾಗುವದೆಂದು ಬರೆದನು. ಇಂಥ ನಿರೀಕ್ಷೆಯಿಂದ 1817ರಲ್ಲಿ ಆ ಸೀಮೆಯ ಅನೇಕ ಕುಟುಂಬಗಳು ಮನೆಮಠಗಳನ್ನು ಬಿಟ್ಟು ದೂರದ ಕಾಕಸಸ್ ಬೆಟ್ಟಗಳ ಕಡೆಗೆ ಹೊರಟುಹೋದವು. 1836 ಬಂತು, ಹೋಯಿತು. ಲೋಕವು ಇದ್ದ ಹಾಗೆಯೇ ಇತ್ತು.

ಅಮೇರಿಕದ ವಿಲ್ಯಮ್ ಮಿಲ್ಲರ್ ನಮ್ಮಂತೆ ಹೊಲದ ಕೆಲಸ ಬಲ್ಲವನು. ದಾನಿಯೇಲನ ಗ್ರಂಥದ 8ನೆಯ ಅಧ್ಯಾಯದಲ್ಲಿರುವ 2300 ದಿನಗಳನ್ನು ವರುಷಗಳೆಂದು ಎಣಿಸಿ, ಕ್ರಿಸ್ತಪೂರ್ವ 457ರಿಂದ ಲೆಕ್ಕ ಹಿಡಿದು, ಸುಮಾರು 1843ರಲ್ಲಿ ಕರ್ತನು ಬರುವನೆಂದು ಅವನು ಸಾರಿದನು. ಅದು ತಪ್ಪಿದ ಮೇಲೆ ಅವನ ಸಂಗಡಿಗರು 1844ನೆಯ ಅಕ್ಟೋಬರ್ 22ನ್ನು ಗೊತ್ತುಮಾಡಿದರು. ಕೆಲವರು ಪೈರನ್ನು ಕೊಯ್ಯದೆ ಹೊಲದಲ್ಲಿಯೇ ಬಿಟ್ಟರು; ಕೆಲವರು ಅಂಗಡಿ ಮುಚ್ಚಿದರು. ಮರುದಿನ ಸೂರ್ಯನು ಎಂದಿನಂತೆ ಹುಟ್ಟಿದನು. ಆ ಜನರ ಅಳುವೂ ನಾಚಿಕೆಯೂ ಹೇಳತೀರದು. ಮಿಲ್ಲರನು ಮೋಸಗಾರನಾಗಿರಲಿಲ್ಲ, ಭಕ್ತಿಯುಳ್ಳವನೇ. ಆದರೆ ಭಕ್ತಿಯಿಂದ ಹಾಕಿದ ಲೆಕ್ಕವೂ ತಪ್ಪಾದರೆ ತಪ್ಪೇ. ಅದರ ನಷ್ಟವನ್ನು ಹೊತ್ತವರು ಅದನ್ನು ನಂಬಿದ ಮನೆಗಳವರು.

ಈಗ ಇನ್ನೊಂದನ್ನು ಗಮನಿಸಿರಿ. ಬೆಂಗೆಲನು ಗೊತ್ತುಮಾಡಿದ ಅದೇ 1836ರಲ್ಲಿ, ಅದೇ ವ್ಯುರ್ಟೆಂಬರ್ಗ್ ಸೀಮೆಯವರಾದ ಹೆರ್ಮನ್ ಮೋಗ್ಲಿಂಗ್ ಉಪದೇಶಕರು ಮಂಗಳೂರಿಗೆ ಬಂದರು. ಮಿಲ್ಲರನು ಹೇಳಿದ ಅದೇ 1843ರಲ್ಲಿ ಅವರು ಮಂಗಳೂರಿನಲ್ಲಿ ಕನ್ನಡದ ಮೊದಲನೆಯ ವರ್ತಮಾನ ಪತ್ರಿಕೆಯಾದ ಮಂಗಳೂರು ಸಮಾಚಾರವನ್ನು ಆರಂಭಿಸಿದರು. ಲೋಕವು ಮುಗಿಯುವದೆಂದು ಕೆಲವರು ಕೈಕಟ್ಟಿ ಕೂತಿದ್ದ ವರುಷದಲ್ಲಿ ಇಲ್ಲಿ ಅಚ್ಚಿನ ಕೆಲಸ ನಡೆಯುತ್ತಿತ್ತು. ಯಜಮಾನನು ಬಂದಾಗ ಎಂಥ ಆಳು ಧನ್ಯನು? ಮನೆಯವರಿಗೆ ಹೊತ್ತುಹೊತ್ತಿಗೆ ಆಹಾರ ಕೊಡುತ್ತಿರುವ ಆಳೇ ಎಂದು ಮತ್ತಾಯನ 24ನೆಯ ಅಧ್ಯಾಯವು ಕಲಿಸುತ್ತದೆ. ಥೆಸಲೋನಿಕದ ಸಭೆಯಲ್ಲಿ ಕರ್ತನ ದಿನವು ಬಂದೇಬಿಟ್ಟಿತೆಂಬ ಮಾತಿಗೆ ಕೆಲವರು ಕದಲಿದರು. ಕೆಲಸ ಬಿಟ್ಟು ತಿರುಗುವವರೂ ಅಲ್ಲಿದ್ದರು. ಪೌಲನು ಅವರಿಗೆ ದಿನದ ಲೆಕ್ಕ ಕೊಡಲಿಲ್ಲ. ಸುಮ್ಮನೆ ದುಡಿದು ತಮ್ಮ ಅನ್ನವನ್ನೇ ಉಣ್ಣಬೇಕೆಂದು ಆಜ್ಞಾಪಿಸಿದನು.

ಹಾಗಾದರೆ ಪ್ರವಾದನೆಯು ನಮಗೆ ವ್ಯರ್ಥವೋ? ಎಂದಿಗೂ ಅಲ್ಲ. ಮಗುವನ್ನು ಮಣ್ಣಿಗೆ ಕೊಟ್ಟ ತಾಯಿಗೆ ಸಮಾಧಿಯು ಕೊನೆಯಲ್ಲವೆಂದು ಅದು ಹೇಳುತ್ತದೆ. ಬಲವಂತನಿಂದ ಹೊಲವನ್ನು ಕಳಕೊಂಡ ಬಡವನಿಗೆ, ಅನ್ಯಾಯದ ತೀರ್ಪೇ ಕಡೆಯ ತೀರ್ಪಲ್ಲವೆಂದು ಹೇಳುತ್ತದೆ. ಈ ಆದರಣೆಗೆ ತಾರೀಖು ಬೇಕಾಗಿಲ್ಲ.

ಆದಕಾರಣ ಯಾವನಾದರೂ ದಿನವನ್ನು ಗೊತ್ತುಮಾಡಿಕೊಂಡು ನಿಮ್ಮ ಊರಿಗೆ ಬಂದರೆ ಅವನನ್ನು ಬೈಯಬೇಡಿರಿ. ಅವನ ಮಾತಿಗೆ ಎತ್ತನ್ನೂ ಮಾರಬೇಡಿರಿ. ಮಳೆ ಬಂದಾಗ ಬಿತ್ತಿರಿ, ಸಾಲವನ್ನು ತೀರಿಸಿರಿ, ನೆರೆಯವನೊಂದಿಗೆ ಸಮಾಧಾನವಾಗಿರಿ, ದೀಪದಲ್ಲಿ ಎಣ್ಣೆಯನ್ನು ಇಟ್ಟುಕೊಂಡಿರಿ. ಕರ್ತನು ಈ ಸಂಜೆಯೇ ಬಂದರೂ ನೂರು ವರುಷ ತಡಮಾಡಿದರೂ ಇಂಥ ಮನೆಯು ಸಿದ್ಧವಾಗಿರುವದು.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:

1. ಮಾರ್ಕನ 13ನೆಯ ಅಧ್ಯಾಯದಲ್ಲಿ ಈಗಾಗಲೇ ನೆರವೇರಿದ್ದು ಯಾವದು? ನಾವು ಎದುರುನೋಡುವದು ಯಾವದು?

2. ಕರ್ತನು ದಿನವನ್ನು ತಿಳಿಸದೆ ಎಚ್ಚರವಾಗಿರಿ ಎಂದದ್ದರಿಂದ ನಮಗೆ ಆಗುವ ಪ್ರಯೋಜನವೇನು?

3. ಆತನು ಇಂದು ಬಂದರೆ, ನಮ್ಮ ಮನೆಯಲ್ಲಿ ಮಾಡದೆ ಉಳಿದಿರುವ ಕೆಲಸ ಯಾವದು?