ಸಂಧಿವಾತಕ್ಕೆ ಬಯಾಲಜಿಕ್ ಇಂಜೆಕ್ಷನ್: ಜಾಗ್ರತೆ ಹೇಗೆ?

ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳು, ಮಣಿಕಟ್ಟು ಊದಿಕೊಂಡು, ಗಂಟೆ ಕಳೆದರೂ ಬಿಗಿತ ಬಿಡದಿದ್ದರೆ ಅದನ್ನು ದುಡಿಮೆಯ ನೋವೆಂದು ತಳ್ಳಿಹಾಕಬಾರದು. ಅದು ರುಮಟಾಯ್ಡ್ ಸಂಧಿವಾತ ಇರಬಹುದು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಒಳಪೊರೆಯ ಮೇಲೆ ದಾಳಿ ಮಾಡುವ ಕಾಯಿಲೆ ಇದು.

ಇದಕ್ಕೆ ಸಾಮಾನ್ಯವಾಗಿ ಮೊದಲು ಕೊಡುವುದು ಮೆಥೋಟ್ರೆಕ್ಸೇಟ್. ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ. ದಿನಾಲೂ ಸೇವಿಸಿದರೆ ಪ್ರಾಣಾಪಾಯ. ಇದರಿಂದ ರೋಗ ಹತೋಟಿಗೆ ಬಾರದಿದ್ದರೆ ವೈದ್ಯರು ಬಯಾಲಜಿಕ್ ಇಂಜೆಕ್ಷನ್ ಸೂಚಿಸಬಹುದು. ಇವುಗಳಲ್ಲಿ ಒಂದಾದ ಅಡಾಲಿಮುಮ್ಯಾಬ್‌ಗೆ ಅಮೆರಿಕದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು. ನಮ್ಮ ದೇಶದಲ್ಲೇ ತಯಾರಾದ, ಕಡಿಮೆ ಬೆಲೆಯ ಇದೇ ಬಗೆಯ ಔಷಧಿ 2014ರಲ್ಲಿ ಮಾರುಕಟ್ಟೆಗೆ ಬಂದಿತು. ವಯಸ್ಕರಿಗೆ ರೂಢಿಯ ಪ್ರಮಾಣ ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ.

ಬೇಲಿ ಸಡಿಲವಾದಾಗ

ಊತವನ್ನು ಹೆಚ್ಚಿಸುವ ಟಿ.ಎನ್.ಎಫ್. ಎಂಬ ವಸ್ತುವನ್ನು ಈ ಔಷಧಿ ತಡೆಯುತ್ತದೆ. ಆದರೆ ದೇಹದೊಳಗೆ ಅಡಗಿರುವ ಕ್ಷಯದ ರೋಗಾಣುಗಳಿಗೆ ಬೇಲಿ ಹಾಕಿ ಇಡುವುದೂ ಅದೇ ಟಿ.ಎನ್.ಎಫ್. ಬೇಲಿ ಸಡಿಲವಾದರೆ ಕ್ಷಯ ಹೊರಬರುತ್ತದೆ. ಆದುದರಿಂದ ಮೊದಲ ಇಂಜೆಕ್ಷನ್‌ಗೆ ಮುನ್ನ ಎದೆಯ ಎಕ್ಸ್‌ರೇ, ಕ್ಷಯದ ಚರ್ಮ ಅಥವಾ ರಕ್ತ ಪರೀಕ್ಷೆ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳು ಆಗಲೇಬೇಕು. ಮನೆಯಲ್ಲಿ ಯಾರಿಗಾದರೂ ಹಿಂದೆ ಕ್ಷಯ ಬಂದಿದ್ದರೆ ನಾಚಿಕೆಪಡದೆ ಹೇಳಿರಿ. ಅಡಗಿದ ಕ್ಷಯ ಕಂಡುಬಂದರೆ ಮೊದಲು ಅದಕ್ಕೆ ಔಷಧಿ ಆರಂಭಿಸುತ್ತಾರೆ, ಇಂಜೆಕ್ಷನ್ ಆಮೇಲೆ.

ತರುವುದು, ಇಡುವುದು

ಈ ಔಷಧಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಪೇಟೆಯಿಂದ ಬಸ್ಸಿನಲ್ಲಿ ತರುವಾಗ ಐಸ್ ಪ್ಯಾಕ್ ಇರುವ ಡಬ್ಬಿಯಲ್ಲಿ, ಐಸ್ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ ತನ್ನಿರಿ. ಮನೆಯಲ್ಲಿ ಫ್ರಿಜ್ಜಿನ ನಡು ಹಲಗೆಯಲ್ಲಿಡಿ, ಫ್ರೀಝರಿನಲ್ಲಿ ಬೇಡ. ಒಮ್ಮೆ ಹೆಪ್ಪುಗಟ್ಟಿದ ಔಷಧಿಯನ್ನು ಕರಗಿಸಿ ಬಳಸಬಾರದು. ಮಳೆಗಾಲದಲ್ಲಿ ದೀರ್ಘಕಾಲ ಕರೆಂಟ್ ಹೋದರೆ ಬಳಸುವ ಮೊದಲು ಔಷಧಿ ಅಂಗಡಿಯವರನ್ನು ಕೇಳಿರಿ.

ಚುಚ್ಚುವ ಕ್ರಮ

1. ಮೊದಲ ಸಲ ನರ್ಸ್ ಎದುರಿನಲ್ಲಿ ಕಲಿಯಿರಿ.
2. ಫ್ರಿಜ್ಜಿನಿಂದ ತೆಗೆದು 15–30 ನಿಮಿಷ ಹೊರಗಿಡಿ. ಬಿಸಿನೀರಿನಲ್ಲಿ ಇಡಬೇಡಿ, ಕುಲುಕಬೇಡಿ.
3. ಅವಧಿ ಮುಗಿದಿದ್ದರೆ, ಔಷಧಿ ಕದಡಿದ್ದರೆ ಬಳಸಬೇಡಿ.
4. ಕೈ ತೊಳೆದು, ತೊಡೆಯ ಮುಂಭಾಗ ಅಥವಾ ಹೊಕ್ಕುಳಿನಿಂದ ಎರಡು ಇಂಚು ದೂರದ ಹೊಟ್ಟೆಯ ಭಾಗದಲ್ಲಿ ಚುಚ್ಚಿರಿ. ಪ್ರತಿ ಸಲ ಜಾಗ ಬದಲಿಸಿರಿ.
5. ಸೂಜಿಯನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ. ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಗೆ ಒಪ್ಪಿಸಿರಿ.

ತೋಟದಲ್ಲಿ, ಹಟ್ಟಿಯಲ್ಲಿ

ಮೆಲಿಯೋಯ್ಡೋಸಿಸ್ ರೋಗದ ಜೀವಾಣು ಒದ್ದೆ ಮಣ್ಣಿನಲ್ಲಿರುತ್ತದೆ. ಈ ರೋಗ ಕರಾವಳಿ ಕರ್ನಾಟಕದಲ್ಲೂ ಕೇರಳದಲ್ಲೂ ಕಂಡುಬಂದಿದೆ. ಗಾಯವಿದ್ದರೆ ಕೆಸರಿಗೆ ಇಳಿಯಬೇಡಿ. ಉಳಿದಂತೆ ಬೂಟು, ಕೈಗವಸು ಧರಿಸಿರಿ. ಹಾಲನ್ನು ಕಾಯಿಸಿಯೇ ಕುಡಿಯಿರಿ. ಜೀವಂತ ರೋಗಾಣುವಿರುವ ಲಸಿಕೆಗಳು ನಿಮಗೆ ಸಲ್ಲವು. ಯಾವ ಲಸಿಕೆಗೂ ಮುನ್ನ ವೈದ್ಯರನ್ನು ಕೇಳಿರಿ. ಗರ್ಭಿಣಿಯಾದರೆ, ಶಸ್ತ್ರಚಿಕಿತ್ಸೆ ಇದ್ದರೆ ಮೊದಲೇ ತಿಳಿಸಿರಿ.

ತಡಮಾಡಬಾರದ ಲಕ್ಷಣಗಳು

ಜ್ವರ, ಎರಡು ವಾರ ಬಿಡದ ಕೆಮ್ಮು, ರಾತ್ರಿ ಬೆವರು, ತೂಕ ಇಳಿಯುವುದು, ಕೀವು ತುಂಬಿದ ಗಾಯ: ಇವುಗಳಲ್ಲಿ ಒಂದು ಕಂಡರೂ ಮುಂದಿನ ಇಂಜೆಕ್ಷನ್ ತಡೆದು ವೈದ್ಯರನ್ನು ಕಾಣಿರಿ. ಪರೀಕ್ಷೆಯಲ್ಲಿ ಕ್ಷಯ ಇಲ್ಲವೆಂದು ಬಂದವರಿಗೂ ಮುಂದೆ ಬರಬಹುದು. ಮುಖ ಊದಿ ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಿರಿ.

ನೋವು ಇಳಿದು ಮೈ ಹಗುರವಾದ ದಿನಗಳಲ್ಲೇ ಈ ಎಚ್ಚರ ತಪ್ಪುವುದು ಹೆಚ್ಚು. ಜ್ವರಕ್ಕೆ ಅಂಗಡಿಯ ಮಾತ್ರೆ ನುಂಗಿ ಸುಮ್ಮನಿರಬೇಡಿ. ಯಾವ ವೈದ್ಯರ ಬಳಿ ಹೋದರೂ ಈ ಇಂಜೆಕ್ಷನ್‌ನ ಹೆಸರು ಮತ್ತು ಕೊನೆಯ ಸಲ ತೆಗೆದುಕೊಂಡ ತಾರೀಕು ಬರೆದ ಚೀಟಿ ನಿಮ್ಮ ಜೊತೆಗಿರಲಿ.